ಎಲ್ಲರಿಗೂ ಆರೋಗ್ಯ ರಕ್ಷಣೆ: ಉದ್ಯೋಗದಾತರ ಲೆಕ್ಕಪುಸ್ತಕದಲ್ಲಿ ಅದರ ಭಾರವೆಷ್ಟು?

ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕಾರ್ಖಾನೆ ನಡೆಸುತ್ತಿರುವ ಮಿತ್ರರೊಬ್ಬರು ಇತ್ತೀಚೆಗೆ ತಮ್ಮ ವೇತನ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು: "ಆಯುಷ್ಮಾನ್ ಕಾರ್ಡಿನ ಮೇಲೆ ಸರ್ಕಾರವೇ ಐದು ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಕೊಡುವುದಾದರೆ, ನಾನು ತಿಂಗಳು ತಿಂಗಳೂ ಇಎಸ್‌ಐ ವಂತಿಗೆಯನ್ನೇಕೆ ಕಟ್ಟಬೇಕು? ಅದರ ಮೇಲೆ ಮೇಲ್ವಿಚಾರಕರಿಗೆಂದು ಪ್ರತ್ಯೇಕವಾಗಿ ಗುಂಪು ವಿಮೆಯನ್ನೂ ಏಕೆ ಮಾಡಿಸಬೇಕು? ಒಂದೇ ಕಾಯಿಲೆಗೆ ಮೂರು ಕಡೆ ದುಡ್ಡು ಕೊಟ್ಟಂತಾಗಲಿಲ್ಲವೇ?"

ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಸದಸ್ಯರಲ್ಲಿ ಅನೇಕರ ಮನಸ್ಸಿನಲ್ಲಿ ಇದು ಇದ್ದೇ ಇದೆ. ಆದರೆ ಇದಕ್ಕೆ ಒಂದು ಮಾತಿನ ಉತ್ತರ ಇಲ್ಲ. ಸಾರ್ವತ್ರಿಕ ಆರೋಗ್ಯ ವ್ಯವಸ್ಥೆ ಬಂದರೆ ಉದ್ಯೋಗದಾತರ ವೆಚ್ಚ ಇಳಿಯುತ್ತದೆ ಎಂದು ಕೆಲವರೂ, ಏರುತ್ತದೆ ಎಂದು ಕೆಲವರೂ ಹೇಳುತ್ತಾರೆ. ಆ ವ್ಯವಸ್ಥೆಗೆ ಹಣ ಎಲ್ಲಿಂದ ಬರುತ್ತದೆ, ಅದು ಯಾರನ್ನು ಒಳಗೊಳ್ಳುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದನ್ನು ಅವಲಂಬಿಸಿ ಎರಡೂ ಮಾತು ನಿಜವಾಗಬಲ್ಲವು. ಈ ವಿಷಯವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರ್ ಆಚೆಗೆ, ಭದ್ರಾವತಿಯಲ್ಲಿಯೇ ಅದರ ಮೊದಲ ಪಾಠವಿದೆ.

ಕಾರ್ಖಾನೆಯೇ ಆಸ್ಪತ್ರೆ ನಡೆಸಿದ ಕಾಲ

ಮೈಸೂರು ಸಂಸ್ಥಾನದ ಸರ್ಕಾರವು 1918ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿ, 1923ರಲ್ಲಿ ಉತ್ಪಾದನೆಗೆ ತೊಡಗಿದಾಗ ಅಲ್ಲಿ ಊರೆಂಬುದು ಹೆಸರಿಗಷ್ಟೇ ಇತ್ತು. ಸುತ್ತ ಕಾಡು, ಮಲೇರಿಯಾದ ಭಯ. ಕೆಲಸಗಾರರು ಬಂದು ನಿಲ್ಲಬೇಕಾದರೆ ಮನೆ, ನೀರು, ಶಾಲೆಗಳೊಂದಿಗೆ ಔಷಧೋಪಚಾರವನ್ನೂ ಕಾರ್ಖಾನೆಯೇ ಒದಗಿಸಬೇಕಾಗಿತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಅದೇ ದಾರಿಯನ್ನು ಹಿಡಿಯಿತು. ಹೀಗೆ ನ್ಯೂಟೌನ್ ಮತ್ತು ಕಾಗದನಗರಗಳು ಕಾರ್ಖಾನೆಯ ಊರುಗಳಾಗಿಯೂ ಕಾರ್ಖಾನೆಯ ಆಸ್ಪತ್ರೆಗಳ ಊರುಗಳಾಗಿಯೂ ಬೆಳೆದವು. ಭದ್ರಾವತಿಯ ಹಿರಿಯರನ್ನು ಕೇಳಿದರೆ, ತಾವು ಹುಟ್ಟಿದ್ದು ಕಾರ್ಖಾನೆ ಆಸ್ಪತ್ರೆಯಲ್ಲಿ ಎಂದು ಹೇಳುವವರು ಇಂದಿಗೂ ಸಿಗುತ್ತಾರೆ.

ಲೆಕ್ಕಿಗನ ಕಣ್ಣಿನಿಂದ ನೋಡಿದರೆ ಈ ವ್ಯವಸ್ಥೆಗೆ ಒಂದು ಗುಣವೂ ಒಂದು ದೋಷವೂ ಇವೆ. ಗುಣವೆಂದರೆ ಹತ್ತಿರದಲ್ಲೇ ಚಿಕಿತ್ಸೆ, ಹಾಜರಾತಿಯ ಭರವಸೆ, ಕೆಲಸಗಾರರ ನಿಷ್ಠೆ. ದೋಷವೆಂದರೆ ಆಸ್ಪತ್ರೆಯ ವೆಚ್ಚವು ಸ್ಥಿರ ವೆಚ್ಚ. ಕುಲುಮೆಯಿಂದ ಸಾವಿರ ಟನ್ ಬಂದರೂ ನೂರು ಟನ್ ಬಂದರೂ ವೈದ್ಯರಿಗೆ, ದಾದಿಯರಿಗೆ, ಕಟ್ಟಡಕ್ಕೆ, ಔಷಧಿಗೆ ಕೊಡಬೇಕಾದದ್ದು ಅಷ್ಟೇ. ಉತ್ಪಾದನೆ ಪೂರ್ಣವಾಗಿದ್ದಾಗ ಟನ್ನಿಗೆ ಕೆಲವೇ ರೂಪಾಯಿಗಳಾಗಿ ಕಾಣುವ ವೆಚ್ಚ, ಉತ್ಪಾದನೆ ಕುಸಿದಾಗ ಟನ್ನಿಗೆ ಹಲವು ಪಟ್ಟಾಗಿ ಕಾಣುತ್ತದೆ. ನಿವೃತ್ತರ ಸಂಖ್ಯೆ ಬೆಳೆದು ಕೆಲಸದಲ್ಲಿರುವವರ ಸಂಖ್ಯೆ ಇಳಿದಂತೆ ಈ ಅನುಪಾತ ಇನ್ನಷ್ಟು ಕೆಡುತ್ತದೆ.

ಭದ್ರಾವತಿಯ ಕಾರ್ಖಾನೆಗಳು ಸೊರಗಿದ್ದು ಆಸ್ಪತ್ರೆಗಳಿಂದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಗೆ ಸ್ವಂತ ಅದಿರಿನ ಗಣಿ ಇಲ್ಲದಂತಾದುದು, ಕಾಗದ ಕಾರ್ಖಾನೆಯ ಯಂತ್ರಗಳು ಹಳೆಯದಾದುದು ಮುಂತಾದ ಕಾರಣಗಳು ಬೇರೆಯೇ ಇವೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಪ್ರಾಧಿಕಾರದ ಆಡಳಿತ ಮಂಡಳಿ 2023ರ ಜನವರಿಯಲ್ಲಿ ಕೈಗೊಂಡಿತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷದ ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ಚಾಲನೆಗೊಂಡವು. ನಮ್ಮ ವಿಷಯಕ್ಕೆ ಮುಖ್ಯವಾದುದು ಇಷ್ಟು: ಚಿಕಿತ್ಸೆಯನ್ನು ಕಾರ್ಖಾನೆಯ ಗೇಟಿಗೆ ಕಟ್ಟಿಹಾಕಿದರೆ, ಗೇಟು ಮುಚ್ಚಿದ ದಿನ ಕೆಲಸದೊಂದಿಗೆ ಚಿಕಿತ್ಸೆಯೂ ಹೋಗುತ್ತದೆ. ಮನುಷ್ಯನಿಗೆ ಆಸ್ಪತ್ರೆ ಹೆಚ್ಚಾಗಿ ಬೇಕಾಗುವ ಅರವತ್ತರ ವಯಸ್ಸಿನಲ್ಲಿ ಈ ನಷ್ಟ ತಟ್ಟುತ್ತದೆ ಎಂಬುದು ಕಾಗದನಗರದ ಬೀದಿಗಳಲ್ಲಿ ನಡೆದಾಡಿದವರಿಗೆ ತಿಳಿಯದ ಸಂಗತಿಯೇನಲ್ಲ.

ಡೆಟ್ರಾಯಿಟ್ ಕಂಡ ಪಾಡು

ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ಅಮೆರಿಕದಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಲ್ಲಿನ ಸರ್ಕಾರ ವೇತನ ಏರಿಕೆಗೆ ಮಿತಿ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ವೇತನದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ತಾತ್ಕಾಲಿಕ ಉಪಾಯವಾಗಿ ಬೆಳೆದದ್ದೇ ಮುಂದೆ ರಾಷ್ಟ್ರೀಯ ಪದ್ಧತಿಯಾಗಿ ಉಳಿಯಿತು. 2000ದ ದಶಕದ ಮಧ್ಯಭಾಗದಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಪ್ರತಿ ಕಾರಿನ ಬೆಲೆಯಲ್ಲಿ ಸುಮಾರು 1,500 ಡಾಲರ್ ಕೆಲಸಗಾರರ ಮತ್ತು ನಿವೃತ್ತರ ಚಿಕಿತ್ಸೆಯ ವೆಚ್ಚವೇ ಆಗಿತ್ತು. ಕಾರಿಗೆ ಬಳಸುವ ಉಕ್ಕಿಗಿಂತ ಚಿಕಿತ್ಸೆಗೇ ಹೆಚ್ಚು ಖರ್ಚು ಎಂಬ ಮಾತು ಆಗ ಪ್ರಚಲಿತವಾಗಿತ್ತು. ಉಕ್ಕಿನ ಊರಿನವರಾದ ನಮಗೆ ಅದರ ತೂಕ ಬೇಗ ಅರ್ಥವಾದೀತು. 2009ರ ಜೂನ್ 1ರಂದು ಆ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಇಂದಿಗೂ ಅಮೆರಿಕದ ಹೊರೆ ಇಳಿದಿಲ್ಲ. 2024ರಲ್ಲಿ ಅಲ್ಲಿ ಉದ್ಯೋಗದ ಮೂಲಕ ದೊರೆಯುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಕಂತು 25,572 ಡಾಲರ್. ಅದರಲ್ಲಿ ನೌಕರ ಕೊಟ್ಟದ್ದು 6,296 ಡಾಲರ್, ಉಳಿದದ್ದೆಲ್ಲ ಕಂಪನಿಯದು.

ಗಡಿಯಾಚೆ ಕೆನಡಾದಲ್ಲಿ ಆಸ್ಪತ್ರೆ ಮತ್ತು ವೈದ್ಯರ ಸೇವೆಗೆ ತೆರಿಗೆಯ ಹಣವೇ ಆಧಾರ. 2002ರಲ್ಲಿ ಅಲ್ಲಿನ ಜನರಲ್ ಮೋಟಾರ್ಸ್, ಫೋರ್ಡ್ ಮತ್ತು ಡೈಮ್ಲರ್ ಕ್ರೈಸ್ಲರ್ ಘಟಕಗಳು ವಾಹನ ಕಾರ್ಮಿಕರ ಸಂಘದ ಜೊತೆಗೂಡಿ, ಸಾರ್ವಜನಿಕ ಆರೋಗ್ಯ ವ್ಯವಸ್ಥೆಯನ್ನು ಉಳಿಸಬೇಕೆಂದು ಜಂಟಿ ಪತ್ರಗಳಿಗೆ ಸಹಿ ಹಾಕಿದವು. ಬಂಡವಾಳಗಾರರೂ ಕಾರ್ಮಿಕ ನಾಯಕರೂ ಒಂದೇ ಕಾಗದಕ್ಕೆ ಸಹಿ ಹಾಕುವುದು ಅಪರೂಪದ ದೃಶ್ಯ. ಅವರನ್ನು ಒಂದುಗೂಡಿಸಿದ್ದು ದಾನಬುದ್ಧಿಯಲ್ಲ. ಕಾರೊಂದರ ಉತ್ಪಾದನಾ ವೆಚ್ಚದಲ್ಲಿ ಅವರಿಗೆ ಸಿಗುತ್ತಿದ್ದ ಅನುಕೂಲ.

ನೂರಕ್ಕೆ ಮೂರೂಕಾಲು

ಭಾರತ ಹಿಡಿದದ್ದು ಈ ಎರಡರ ನಡುವಿನ ದಾರಿ. ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಸಲ್ಲಿಸಿದ ವರದಿಯ ತಳಹದಿಯ ಮೇಲೆ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಬಂತು. 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಆರಂಭವಾಯಿತು. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ತಂದ ಪದ್ಧತಿಯಂತೆ ಇದರಲ್ಲಿಯೂ ಉದ್ಯೋಗದಾತನೂ ನೌಕರನೂ ವೇತನದ ಒಂದು ಪಾಲನ್ನು ಸಾಮಾನ್ಯ ನಿಧಿಗೆ ಕೊಡುತ್ತಾರೆ. ವ್ಯತ್ಯಾಸವೆಂದರೆ, ಜರ್ಮನಿಯಲ್ಲಿ ಸಾಮಾನ್ಯ ದರ ವೇತನದ ಶೇ. 14.6, ಅದರಲ್ಲಿ ಅರ್ಧ ಉದ್ಯೋಗದಾತನದು. ನಮ್ಮಲ್ಲಿ 2019ರ ಜುಲೈ 1ರಿಂದ ಉದ್ಯೋಗದಾತನ ಪಾಲು ಶೇ. 3.25, ನೌಕರನ ಪಾಲು ಶೇ. 0.75, ಒಟ್ಟು ಶೇ. 4. ಅದಕ್ಕೆ ಮುನ್ನ ಎರಡು ದಶಕಗಳಿಗೂ ಹೆಚ್ಚು ಕಾಲ ಇದು ಶೇ. 4.75 ಮತ್ತು ಶೇ. 1.75 ಆಗಿತ್ತು.

ಈ ಇಳಿಕೆಯ ಅರ್ಥವನ್ನು ಒಂದು ಉದಾಹರಣೆಯಿಂದ ನೋಡಬಹುದು. 140 ಜನ ಕೆಲಸಗಾರರಿರುವ, ಸರಾಸರಿ ವೇತನ 18,000 ರೂ. ಇರುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳೋಣ. ಇಂದಿನ ದರದಲ್ಲಿ ಒಬ್ಬನಿಗೆ ತಿಂಗಳಿಗೆ 585 ರೂ., ಎಲ್ಲರಿಗೂ ಸೇರಿ 81,900 ರೂ., ವರ್ಷಕ್ಕೆ 9,82,800 ರೂ. ಹಿಂದಿನ ದರವೇ ಮುಂದುವರಿದಿದ್ದರೆ ವರ್ಷಕ್ಕೆ 14,36,400 ರೂ. ಆಗುತ್ತಿತ್ತು. ಉಳಿತಾಯ 4,53,600 ರೂ. 2018-19ರಲ್ಲಿ ದೇಶದಾದ್ಯಂತ 12.85 ಲಕ್ಷ ಉದ್ಯೋಗದಾತರು ಮತ್ತು 3.6 ಕೋಟಿ ನೌಕರರಿಂದ ಸಂಗ್ರಹವಾದ ವಂತಿಗೆ 22,279 ಕೋಟಿ ರೂ. ನಿಗಮದ ವರಮಾನ ವೆಚ್ಚಕ್ಕಿಂತ ಬಹಳ ಮುಂದಿದ್ದುದೇ ದರ ಇಳಿಸಲು ಕಾರಣ. ಹೆಚ್ಚು ಜನ ಸೇರಿದಷ್ಟೂ ತಲಾ ಹೊರೆ ಹಗುರವಾಗುತ್ತದೆಂಬ ವಿಮೆಯ ಮೂಲತತ್ತ್ವ ಇಲ್ಲಿ ಕೆಲಸ ಮಾಡಿರುವುದು ಸ್ಪಷ್ಟ. ಹಣ ಮಿಕ್ಕಿದ್ದು ಸೇವೆ ಅಷ್ಟರಮಟ್ಟಿಗೆ ಕೆಳಗಿದ್ದುದರಿಂದಲ್ಲವೇ ಎಂದು ಯಾರಾದರೂ ಕೇಳಿದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಕಾರ್ಮಿಕರು ಚಿಕಿತ್ಸಾಲಯದ ಮುಂದಿನ ಸಾಲಿನ ಬಗ್ಗೆ ದೂರುವುದನ್ನು ನಾವೆಲ್ಲರೂ ಕೇಳಿದ್ದೇವೆ.

ಆದಾಗ್ಯೂ ಈ 585 ರೂಪಾಯಿಗಳಿಗೆ ಪ್ರತಿಯಾಗಿ ಉದ್ಯೋಗದಾತನಿಗೆ ಏನು ದೊರೆಯುತ್ತದೆ ಎಂಬುದನ್ನು ಪೂರ್ತಿಯಾಗಿ ಲೆಕ್ಕಹಾಕುವವರು ಕಡಿಮೆ. ಕೆಲಸಗಾರ, ಆತನ ಪತ್ನಿ ಮತ್ತು ಮಕ್ಕಳು, ಅವಲಂಬಿತ ತಂದೆ-ತಾಯಿಗಳಿಗೆ ಹೊರರೋಗಿ ಮತ್ತು ಒಳರೋಗಿ ಚಿಕಿತ್ಸೆ ಸಿಗುತ್ತದೆ. ಅಸ್ವಸ್ಥತೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ನಗದು ಸಿಗುತ್ತದೆ. ಕ್ಷಯ, ಕ್ಯಾನ್ಸರ್ ಮುಂತಾದ ದೀರ್ಘಕಾಲದ ನಿಗದಿತ ಕಾಯಿಲೆಗಳಲ್ಲಿ ಶೇ. 80ರ ದರದಲ್ಲಿ ಎರಡು ವರ್ಷದವರೆಗೂ ಅದನ್ನು ವಿಸ್ತರಿಸಲು ಅವಕಾಶವಿದೆ. ಇವು ನೌಕರನಿಗೆ ಸಿಗುವುವು. ಮಾಲೀಕನಿಗೆ ನೇರವಾಗಿ ಸಿಗುವುದು ಇನ್ನೆರಡು.

ಮೊದಲನೆಯದು ಅಪಘಾತದ ಹೊಣೆಯಿಂದ ಬಿಡುಗಡೆ. ವಿಮೆಯ ವ್ಯಾಪ್ತಿಯಲ್ಲಿರುವ ನೌಕರ ಕೆಲಸದ ವೇಳೆ ಗಾಯಗೊಂಡರೆ ಅಥವಾ ಮೃತಪಟ್ಟರೆ ಪರಿಹಾರ ನೀಡುವ ಹೊಣೆ ನಿಗಮದ್ದು. ಅವಲಂಬಿತರಿಗೆ ವೇತನದ ಶೇ. 90ರ ದರದಲ್ಲಿ ಮಾಸಿಕ ಮೊತ್ತ ಹೋಗುತ್ತದೆ. ವಿಮೆಯ ಹೊರಗಿರುವ ನೌಕರನಾದರೆ? 1923ರ ಪರಿಹಾರ ಕಾಯ್ದೆಯಡಿ ರೂಪುಗೊಂಡ ಸೂತ್ರದಂತೆ, 15,000 ರೂ. ವೇತನದ ಮಿತಿಯಲ್ಲಿ, ಮೂವತ್ತು ವರ್ಷದ ಕೆಲಸಗಾರನೊಬ್ಬ ಮೃತಪಟ್ಟರೆ ಮಾಲೀಕ ಕೊಡಬೇಕಾದ ಪರಿಹಾರ 15,59,850 ರೂ. ಮೇಲಿನ ಉದಾಹರಣೆಯ ಕಾರ್ಖಾನೆಯ ಇಡೀ ಒಂದೂವರೆ ವರ್ಷದ ವಂತಿಗೆಗಿಂತ ಇದು ಹೆಚ್ಚು. ಕರಗಿದ ಲೋಹವನ್ನು ಸುರಿಯುವ, ಮರಳಿನ ಧೂಳಿನಲ್ಲಿ ಫೆಟ್ಲಿಂಗ್ ನಡೆಯುವ ಎರಕದ ಉದ್ಯಮದವರು ಈ ಅಂಕಿಯನ್ನು ಕಚೇರಿಯ ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಲ್ಲ. ಸಿಲಿಕೋಸಿಸ್ ಅಪಘಾತದಂತೆ ಒಂದೇ ದಿನದಲ್ಲಿ ಕಾಣುವುದಿಲ್ಲವಾದರೂ ಅದೂ ಕಾಯ್ದೆಯ ದೃಷ್ಟಿಯಲ್ಲಿ ವೃತ್ತಿಜನ್ಯ ರೋಗವೇ.

ಎರಡನೆಯದು ಹೆರಿಗೆ ಸೌಲಭ್ಯ. 2017ರಲ್ಲಿ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ವಿಮೆಯ ವ್ಯಾಪ್ತಿಯಲ್ಲಿರುವ ಮಹಿಳೆಗೆ ಆ 26 ವಾರಗಳ ಪೂರ್ಣ ವೇತನವನ್ನು ನಿಗಮವೇ ಕೊಡುತ್ತದೆ. ತಿಂಗಳಿಗೆ 13,500 ರೂ. ಪಡೆಯುವ ಹೊಲಿಗೆ ಯಂತ್ರದ ಕೆಲಸಗಾರ್ತಿಯ ಲೆಕ್ಕದಲ್ಲಿ ಇದು ಸುಮಾರು 81,000 ರೂ. ತಿಂಗಳಿಗೆ 25,000 ರೂ. ಪಡೆಯುವ ಮೇಲ್ವಿಚಾರಕಿಯ ವಿಷಯದಲ್ಲಾದರೆ ಸುಮಾರು ಒಂದೂವರೆ ಲಕ್ಷ ರೂಪಾಯಿ. ಅದನ್ನು ಮಾಲೀಕನೇ ಕೊಡಬೇಕು, ಏಕೆಂದರೆ ಆಕೆ ವಿಮೆಯ ಮಿತಿಯ ಹೊರಗಿದ್ದಾಳೆ. ನೂರಾರು ಹೆಣ್ಣುಮಕ್ಕಳು ದುಡಿಯುವ ಸಿದ್ಧ ಉಡುಪು ಘಟಕಗಳು ನಮ್ಮ ಜಿಲ್ಲೆಯಲ್ಲಿ ನೆಲೆಯೂರಲು ಅವಕಾಶವಾದದ್ದರಲ್ಲಿ ಈ ಸಾಮಾನ್ಯ ನಿಧಿಯ ಪಾತ್ರವೂ ಇದೆಯೆಂದು ನಮ್ಮ ಅಭಿಪ್ರಾಯ. ಹೆರಿಗೆಯ ವೆಚ್ಚ ಆಯಾ ಮಾಲೀಕನ ಮೇಲೆಯೇ ಬೀಳುವಂತಿದ್ದರೆ, ಮದುವೆಯಾದ ಹೆಣ್ಣುಮಕ್ಕಳಿಗೆ ಕೆಲಸ ಕೊಡುವ ಮೊದಲು ಎರಡು ಬಾರಿ ಯೋಚಿಸುವವರು ನಮ್ಮ ನಡುವೆ ಇರುತ್ತಿರಲಿಲ್ಲವೆಂದು ಎದೆ ಮುಟ್ಟಿ ಹೇಳಲಾಗದು.

ಸರ್ಕಾರದ ಕಾರ್ಡು ಇದ್ದರೆ ಸಾಲದೆ?

ಈಗ ಮಿತ್ರರ ಪ್ರಶ್ನೆಗೆ ಬರೋಣ. ಬಡವರಿಗಾಗಿ ಸರ್ಕಾರಿ ವಿಮೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘಗಳ ಸದಸ್ಯರು ತಲಾ ವರ್ಷಕ್ಕೆ 60 ರೂ. ಕೊಟ್ಟು ಶಸ್ತ್ರಚಿಕಿತ್ಸೆಯ ರಕ್ಷಣೆ ಪಡೆದರು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 2010ರಲ್ಲಿ ಕರ್ನಾಟಕಕ್ಕೆ ಬಂದಾಗ ಮೊದಲು ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಶಿವಮೊಗ್ಗವೂ ಒಂದು; ಐದು ಜನರ ಕುಟುಂಬಕ್ಕೆ 30,000 ರೂ. ಮಿತಿ, ನೋಂದಣಿಗೆ 30 ರೂ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಆರಂಭವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಒಂದಾಯಿತು. ಯಶಸ್ವಿನಿ ಆಗ ನಿಂತು, 2022-23ರಲ್ಲಿ ಹೊಸ ರೂಪದಲ್ಲಿ ಮರಳಿತು.

ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ರಕ್ಷಣೆ. ಎಪಿಎಲ್ ಕುಟುಂಬಕ್ಕಾದರೆ ನಿಗದಿತ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ರೂ. ಮಿತಿಯಲ್ಲಿ. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರು ಬರೆದುಕೊಟ್ಟ ಮೇಲೆ ಖಾಸಗಿ ಆಸ್ಪತ್ರೆ. ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ ಮೆಗ್ಗಾನ್ ಆಸ್ಪತ್ರೆಯ ಬಾಗಿಲಿನಿಂದಲೇ ಹಾದುಹೋಗಬೇಕು.

ಇದು ದೊಡ್ಡ ನೆರವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇಎಸ್‌ಐ ಜಾಗದಲ್ಲಿ ಇದನ್ನು ತಂದು ಕೂರಿಸಲಾಗದು. ಇದು ಆಸ್ಪತ್ರೆಗೆ ದಾಖಲಾದವರ ಬಿಲ್ಲನ್ನು ಕಟ್ಟುತ್ತದೆಯೇ ಹೊರತು ಹಾಸಿಗೆ ಹಿಡಿದ ತಿಂಗಳ ವೇತನವನ್ನು ಕೊಡುವುದಿಲ್ಲ. ಕೈ ಬೆರಳು ಕಳೆದುಕೊಂಡವನಿಗೆ ಜೀವನಪರ್ಯಂತ ಮಾಸಿಕ ಮೊತ್ತ ಕೊಡುವುದಿಲ್ಲ. ಮಾಲೀಕನ ಅಪಘಾತ ಹೊಣೆಯನ್ನು ತೆಗೆದುಕೊಳ್ಳುವುದಿಲ್ಲ. ಬೆಳಗಿನ ಪಾಳಿಗೆ ಬಂದವನಿಗೆ ಜ್ವರ ಬಂದರೆ ಬೇಕಾಗುವ ಹೊರರೋಗಿ ಚಿಕಿತ್ಸೆ, ರಕ್ತದೊತ್ತಡ ಮತ್ತು ಮಧುಮೇಹದ ನಿತ್ಯದ ಮಾತ್ರೆ, ಇವು ಅದರ ಕೆಲಸವಲ್ಲ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಚ್ಚಾಗಿ ಕಾಣುವ ಗೈರುಹಾಜರಿಗೆ ಹೃದಯದ ಶಸ್ತ್ರಚಿಕಿತ್ಸೆ ಕಾರಣವಲ್ಲ. ಜ್ವರ, ಬೆನ್ನುನೋವು, ಮನೆಯವರ ಅಸ್ವಸ್ಥತೆಗಳೇ ಕಾರಣ.

ಅಲ್ಲದೆ ಅರ್ಹತೆಯ ಪ್ರಶ್ನೆ ಇದೆ. ಬಿಪಿಎಲ್ ಚೀಟಿಗೆ ರಾಜ್ಯದಲ್ಲಿರುವ ಮುಖ್ಯ ಮಾನದಂಡಗಳಲ್ಲೊಂದು ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷ ರೂ. ಮೀರಬಾರದೆಂಬುದು. ತಿಂಗಳಿಗೆ 18,000 ರೂ. ಪಡೆಯುವ ಕೆಲಸಗಾರನ ಆದಾಯ ವರ್ಷಕ್ಕೆ 2,16,000 ರೂ. ಆತನ ಕೈಯಲ್ಲಿ ಇಂದು ಚೀಟಿ ಇದ್ದರೂ ಮುಂದಿನ ಪರಿಶೀಲನೆಯಲ್ಲಿ ಅದು ಉಳಿಯುತ್ತದೆಂಬ ಭರವಸೆ ಇಲ್ಲ. ಅದನ್ನು ನಂಬಿ ಕಾರ್ಖಾನೆಯ ವಿಮೆಯನ್ನು ಯೋಜಿಸುವುದು ಮರಳಿನ ಮೇಲೆ ಅಡಿಪಾಯ ಹಾಕಿದಂತೆ.

ಸರ್ಕಾರವೇ ಮಾಡಬೇಕಾದ, ಯಾವ ವಿಮೆಯೂ ಮಾಡಲಾಗದ ಕೆಲಸವೂ ಒಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ 2018-19ರ ಬೇಸಿಗೆಗೆ ಮುನ್ನ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಣಿಸಿಕೊಂಡಾಗ ಅಡಿಕೆ ಕೊಯ್ಲಿನ, ತೋಟದ ಕೆಲಸ ತತ್ತರಿಸಿತು. ಉಣ್ಣೆಯ ನಿಯಂತ್ರಣ, ಕಣ್ಗಾವಲು, ಪ್ರಯೋಗಾಲಯ, ಇವನ್ನು ವಿಮೆಯ ಕಂತು ಕಟ್ಟಿ ಕೊಳ್ಳಲು ಬರುವುದಿಲ್ಲ. ತೆರಿಗೆಯ ಹಣದಿಂದ ನಡೆಯುವ ಸಾರ್ವಜನಿಕ ಆರೋಗ್ಯ ಸೇವೆ ಬಲವಾಗಿದ್ದಷ್ಟೂ ಉದ್ಯಮಗಳ ಲೆಕ್ಕದಲ್ಲಿ ಎಲ್ಲೂ ಕಾಣದ ಉಳಿತಾಯ ಆಗುತ್ತಿರುತ್ತದೆ. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಕೆಲಸಗಾರರು ಚಿಕಿತ್ಸೆಗೆಂದು ಮಾಲೀಕರ ಬಳಿ ಕೇಳುವ ಮುಂಗಡ ಸಾಲಕ್ಕೂ ಈ ಅಂಕಿಗೂ ಸಂಬಂಧವಿದೆ.

21,000 ರೂಪಾಯಿಯ ಗೆರೆ

ನಿಜವಾದ ತೊಡಕು ಇರುವುದು ನಡುವಿನವರ ವಿಷಯದಲ್ಲಿ. ಇಎಸ್‌ಐ ವೇತನ ಮಿತಿಯನ್ನು 2017ರ ಜನವರಿ 1ರಿಂದ 21,000 ರೂ.ಗಳೆಂದು ನಿಗದಿ ಮಾಡಲಾಯಿತು. ಅದಕ್ಕೆ ಮುನ್ನ 15,000, ಅದಕ್ಕೂ ಮುನ್ನ 10,000 ರೂ. ಇತ್ತು. ಬೆಲೆಗಳೂ ವೇತನಗಳೂ ವರ್ಷವರ್ಷ ಏರುತ್ತಿದ್ದರೂ ಈ ಗೆರೆ ಮಾತ್ರ ಹಲವು ವರ್ಷಗಳಿಗೊಮ್ಮೆ ಕದಲುತ್ತದೆ. ಇದರಿಂದಾಗಿ ಹತ್ತು ಹದಿನೈದು ವರ್ಷ ಅನುಭವವಿರುವ ಮೋಲ್ಡರ್, ಕುಲುಮೆಯ ನಿರ್ವಾಹಕ, ಲೈನ್ ಮೇಲ್ವಿಚಾರಕಿ, ಅಂದರೆ ಕಾರ್ಖಾನೆ ಕಳೆದುಕೊಳ್ಳಲಾರದ ಜನರೇ, ಒಂದು ವಾರ್ಷಿಕ ಬಡ್ತಿಯಿಂದ ವಿಮೆಯ ಹೊರಗೆ ಹೋಗುತ್ತಾರೆ. ಅವರು ಬಿಪಿಎಲ್ ಅಲ್ಲ. ಇಎಸ್‌ಐ ಅಲ್ಲ. ವಯಸ್ಸಾದ ತಂದೆ-ತಾಯಿಗಳು ಮನೆಯಲ್ಲಿರುವ ವಯಸ್ಸು ಅವರದು. "ಸ್ವಾಮಿ, ಈ ಸಲ ಐನೂರು ರೂಪಾಯಿ ಏರಿಸಬೇಡಿ" ಎಂದು ಕೆಲಸಗಾರನೇ ಬಂದು ಕೇಳಿಕೊಂಡ ಪ್ರಸಂಗವನ್ನು ಮಿತ್ರರು ಹೇಳಿದಾಗ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ.

21,000 ರೂ. ವೇತನದ ಮೇಲೆ ಮಾಲೀಕನ ಪಾಲು ತಿಂಗಳಿಗೆ 682 ರೂ. 50 ಪೈಸೆ, ನೌಕರನದು 157 ರೂ. 50 ಪೈಸೆ, ಇಬ್ಬರದೂ ಸೇರಿ ವರ್ಷಕ್ಕೆ 10,080 ರೂ. ಗೆರೆ ದಾಟಿದ ದಿನದಿಂದ ಇಷ್ಟು ಹಣ ಉಳಿಯುತ್ತದೆ ಎಂದು ತೋರುತ್ತದೆ. ಅದೇ ಹಣದಲ್ಲಿ ಖಾಸಗಿ ಗುಂಪು ವಿಮೆ ಕೊಳ್ಳಹೊರಟರೆ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಏನಾದರೊಂದು ರಕ್ಷಣೆ ದೊರೆತೀತು. ಎಪ್ಪತ್ತು ದಾಟಿದ ತಂದೆ-ತಾಯಿಗಳನ್ನು ಸೇರಿಸಿದೊಡನೆ ದರಪತ್ರದ ಮುಖಚಹರೆ ಬದಲಾಗುತ್ತದೆ. ಹಿಂದಿನ ವರ್ಷ ಹೆಚ್ಚು ಕ್ಲೇಮು ಬಂದಿದ್ದರೆ ನವೀಕರಣದ ಕಂತು ಏರುವುದು ಖಚಿತ. ಮೂವತ್ತು ನಲವತ್ತು ಜನರ ಸಣ್ಣ ಗುಂಪಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದರೂ ಸಾಕು, ಇಡೀ ಗುಂಪಿನ ದರ ಮೇಲೇರುತ್ತದೆ. ಸಾವಿರಾರು ಜನರ ದೊಡ್ಡ ಕಂಪನಿಗೆ ಈ ತೊಂದರೆ ಅಷ್ಟಿಲ್ಲ. ವಿಮೆಯ ಮಾರುಕಟ್ಟೆಯಲ್ಲಿ ದೊಡ್ಡವರಿಗೂ ಮಧ್ಯಮದವರಿಗೂ ಇರುವ ಮುಖ್ಯ ಅಂತರ ಇದೇ.

ತೆರಿಗೆಯ ವಿಷಯವನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ವಿಮೆಯ ಕಂತಿಗೆ ಜಿಎಸ್‌ಟಿ ವಿನಾಯಿತಿ ದೊರೆತಿದೆ. ಉದ್ಯೋಗದಾತರು ಮಾಡಿಸುವ ಗುಂಪು ವಿಮೆಗೆ ಆ ವಿನಾಯಿತಿ ಸಿಗಲಿಲ್ಲ, ಶೇ. 18ರ ದರ ಹಾಗೆಯೇ ಉಳಿಯಿತು. ಕಾನೂನಿನ ಪ್ರಕಾರ ಕಡ್ಡಾಯವಲ್ಲದ ವಿಮೆಗೆ ಕಟ್ಟಿದ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲೂ ಬರುವುದಿಲ್ಲ. ಆದ್ದರಿಂದ ಕಂತಿನ ಲೆಕ್ಕ ಹಾಕುವಾಗ ಈ ಶೇ. 18ನ್ನೂ ವೆಚ್ಚವಾಗಿಯೇ ಹಿಡಿಯಬೇಕು. ಕಾರ್ಮಿಕನಿಗೆ ರಕ್ಷಣೆ ಕೊಡುವ ಮಾಲೀಕನಿಗೆ ಮಾತ್ರ ತೆರಿಗೆ ಹಾಕುವ ಈ ನೀತಿಯ ಔಚಿತ್ಯ ನಮಗೆ ಅರ್ಥವಾಗಿಲ್ಲ. ವಾಣಿಜ್ಯ ಸಂಸ್ಥೆಗಳು ಇದರ ಬಗ್ಗೆ ಸರ್ಕಾರದ ಗಮನ ಸೆಳೆಯುವುದು ಅಗತ್ಯ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಈ ಗೆರೆಯ ಲೆಕ್ಕವನ್ನು ಸ್ವಲ್ಪ ಬದಲಿಸುತ್ತದೆ. ಹಿಂದಿನ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆಯೂ ವೇತನದ ಭಾಗವಾಗಿತ್ತು. ಸಂಹಿತೆಯ ವ್ಯಾಖ್ಯೆಯಲ್ಲಿ ಮನೆ ಬಾಡಿಗೆ ಮೊದಲಾದ ಕೆಲವು ಅಂಶಗಳು ಹೊರಗಿವೆ. ಆದರೆ ಹೊರಗಿಟ್ಟ ಅಂಶಗಳು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ ಮೀರಿದ ಭಾಗ ಮತ್ತೆ ವೇತನಕ್ಕೆ ಸೇರುತ್ತದೆ. ಅಂದರೆ ಒಟ್ಟು 24,000 ರೂ. ಪಡೆದು ಅದರಲ್ಲಿ 5,000 ರೂ. ಮನೆ ಬಾಡಿಗೆ ಭತ್ಯೆಯಾಗಿರುವ ನೌಕರ, ಈ ವ್ಯಾಖ್ಯೆಯಂತೆ, ಮಿತಿಯ ಒಳಕ್ಕೆ ಬರುವ ಸಾಧ್ಯತೆ ಇದೆ. ಸದಸ್ಯರು ತಮ್ಮ ಲೆಕ್ಕ ಪರಿಶೋಧಕರೊಡನೆ ಕುಳಿತು ವೇತನ ಪಟ್ಟಿಯನ್ನು ಸಾಲುಸಾಲಾಗಿ ನೋಡುವುದು ಒಳಿತು. ನಲವತ್ತು ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಹೊಣೆಯೂ ಹೊಸ ಕಾರ್ಮಿಕ ಸಂಹಿತೆಗಳೊಂದಿಗೆ ಬಂದಿದೆ.

ಭಾರ ಕೊನೆಗೆ ಯಾರ ಮೇಲೆ?

ವಂತಿಗೆಯನ್ನು ಕಟ್ಟುವವನು ಮಾಲೀಕ. ಆದರೆ ಹೊರುವವನು ಅವನೇ ಎನ್ನಲಾಗದು. ಅಮೆರಿಕದ ಅರ್ಥಶಾಸ್ತ್ರಜ್ಞ ಜೊನಾಥನ್ ಗ್ರೂಬರ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡ್ಡಾಯ ಹೆರಿಗೆ ವಿಮೆಯ ವೆಚ್ಚದ ಬಹುಭಾಗ ಕಾಲಕ್ರಮದಲ್ಲಿ ಆಯಾ ನೌಕರರ ವೇತನ ಏರಿಕೆಯಲ್ಲಿಯೇ ಕಡಿತವಾಯಿತೆಂದು ತೋರಿಸಿದರು. ನೌಕರನಿಗೆ ಸೌಲಭ್ಯದ ಬೆಲೆ ತಿಳಿದಿದ್ದರೆ ಆತ ಸ್ವಲ್ಪ ಕಡಿಮೆ ವೇತನಕ್ಕೂ ಒಪ್ಪುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಆದರೆ ಕನಿಷ್ಠ ವೇತನದ ಮಟ್ಟದಲ್ಲಿ ನಡೆಯುವ ಉದ್ಯಮದಲ್ಲಿ ಹೀಗೆ ವರ್ಗಾಯಿಸಲು ಎಡೆಯಿಲ್ಲ. ವೇತನ ಕಾನೂನಿನಿಂದ ನಿಗದಿಯಾಗಿರುವಾಗ ಅದರ ಮೇಲಿನ ಶೇ. 3.25 ಪೂರ್ತಿಯಾಗಿ ಮಾಲೀಕನ ಲಾಭದಿಂದಲೋ ಗ್ರಾಹಕನ ಬೆಲೆಯಿಂದಲೋ ಬರಬೇಕು. ಆದ್ದರಿಂದ ಸಿದ್ಧ ಉಡುಪು ಘಟಕಕ್ಕೆ ಇದು ನಿಜವಾದ ವೆಚ್ಚ. ನುರಿತ ಕೆಲಸಗಾರರ ಎರಕದ ಕಾರ್ಖಾನೆಗೆ ಬಹುಮಟ್ಟಿಗೆ ವೇತನದ್ದೇ ಇನ್ನೊಂದು ರೂಪ. ಸೌಲಭ್ಯದ ಬೆಲೆ ಕೆಲಸಗಾರನಿಗೆ ತಿಳಿಯಬೇಕಾದರೆ ಮೊದಲು ಆತನ ಕುಟುಂಬದ ಎಲ್ಲರ ಹೆಸರೂ ದಾಖಲೆಯಲ್ಲಿರಬೇಕು. ವಂತಿಗೆ ತಪ್ಪದೆ ಕಟ್ಟಿಯೂ ಆಧಾರ್ ಜೋಡಣೆಯಾಗದ ಕಾರಣಕ್ಕೆ ಚಿಕಿತ್ಸಾಲಯದಿಂದ ಹಿಂದಿರುಗಿದ ಕುಟುಂಬಕ್ಕೆ ಅದು ಬರೀ ಕಡಿತವಾಗಿಯೇ ಕಾಣುತ್ತದೆ.

ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ಒಂದು ಮಾತು. ಗುತ್ತಿಗೆದಾರ ವಂತಿಗೆ ಕಟ್ಟದಿದ್ದರೆ ಹೊಣೆ ಮೂಲ ಉದ್ಯೋಗದಾತನ ಮೇಲೆ ಬರುತ್ತದೆ. ನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಷ್ಟೆ. ತಡವಾದ ವಂತಿಗೆಗೆ ವಾರ್ಷಿಕ ಶೇ. 12ರ ಬಡ್ಡಿ ಇತ್ತೆಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಮಾಲೀಕನ ತಪ್ಪಿನಿಂದ ನೌಕರನಿಗೆ ಸೌಲಭ್ಯ ತಪ್ಪಿದರೆ ನಿಗಮವು ಅದನ್ನು ನೌಕರನಿಗೆ ಕೊಟ್ಟು ಮಾಲೀಕನಿಂದ ವಸೂಲು ಮಾಡಬಲ್ಲದು. ಬಿಲ್ಲು ಪಾವತಿಸುವ ಮುನ್ನ ಗುತ್ತಿಗೆದಾರನಿಂದ ಆ ತಿಂಗಳ ಚಲನ್ ಪ್ರತಿಯನ್ನೂ ಹೆಸರಿನ ಪಟ್ಟಿಯನ್ನೂ ಪಡೆಯುವ ಕ್ರಮವನ್ನು ಎಲ್ಲರೂ ಇಟ್ಟುಕೊಳ್ಳಬೇಕು.

ಮಿತ್ರರ ವೇತನ ಪಟ್ಟಿಗೆ ಹಿಂದಿರುಗಿದರೆ, ಅದರಲ್ಲಿ ಹನ್ನೊಂದು ಜನ 20,000 ಮತ್ತು 21,000 ರೂ.ಗಳ ನಡುವೆ ನಿಂತಿದ್ದರು. ಅವರಿಗೆ ಬಡ್ತಿ ತಡೆಯಬೇಕಾದ ಅಗತ್ಯವಿಲ್ಲ ಎಂದು ನಾವು ಹೇಳಿದೆವು. ಯೋಜನೆಯ ನಿಯಮದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ಅವಧಿಯ ನಡುವೆ ವೇತನ ಮಿತಿಯನ್ನು ದಾಟಿದರೂ ಆ ಅವಧಿ ಮುಗಿಯುವವರೆಗೆ ನೌಕರ ವಿಮೆಯೊಳಗೇ ಇರುತ್ತಾನೆ; ಪೂರ್ಣ ವೇತನದ ಮೇಲೆ ವಂತಿಗೆ ಕಟ್ಟಬೇಕು. ಅಧಿಕ ಅವಧಿಯ ದುಡಿಮೆಯ ಭತ್ಯೆಯನ್ನು ಮಿತಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ, ವಂತಿಗೆಯ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್-ಸೆಪ್ಟೆಂಬರ್ ಅವಧಿಯ ವಂತಿಗೆಗೆ ಸಂಬಂಧಿಸಿದ ಸೌಲಭ್ಯದ ಅವಧಿ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ. ಹೀಗಾಗಿ ಏಪ್ರಿಲ್ ಕಳೆದು ಬಡ್ತಿ ಪಡೆದು, ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿರುವ ಕೆಲಸಗಾರನಿಗೆ ಸೆಪ್ಟೆಂಬರ್ 30ರ ನಂತರ ವಂತಿಗೆ ನಿಂತರೂ ಮುಂದಿನ ವರ್ಷದ ಜೂನ್ 30ರವರೆಗೆ ಚಿಕಿತ್ಸೆಯ ಹಕ್ಕು ಉಳಿಯುತ್ತದೆ. ಆ ಒಂಬತ್ತು ತಿಂಗಳು ಮಾಲೀಕನಿಗೂ ವಂತಿಗೆ ಇಲ್ಲ. ಆ ಹನ್ನೊಂದು ಜನರ ಮಾಲೀಕರ ಪಾಲು ಉಳಿತಾಯವಾಗಿ ಒಂಬತ್ತು ತಿಂಗಳಿಗೆ ಸುಮಾರು 67,500 ರೂ. ಕೂಡುತ್ತದೆ. ಆ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಜುಲೈ 1ಕ್ಕೆ ತಂದೆ-ತಾಯಿಗಳನ್ನೂ ಒಳಗೊಂಡ ಗುಂಪು ವಿಮೆ ಜಾರಿಯಲ್ಲಿರುವಂತೆ ಮೇ ತಿಂಗಳಲ್ಲೇ ಮೂರು ಕಂಪನಿಗಳಿಂದ ದರಪತ್ರ ತರಿಸಲು ಅವರು ಒಪ್ಪಿದರು. ಆದರೆ ಅಪಘಾತದ ಹೊಣೆಗೆ ಈ ಒಂಬತ್ತು ತಿಂಗಳ ಅವಕಾಶ ಅನ್ವಯಿಸುವುದಿಲ್ಲ; ಅಕ್ಟೋಬರ್ 1ರ ಬೆಳಗಿನ ಪಾಳಿಯಿಂದಲೇ ಆ ಹನ್ನೊಂದು ಜನರಿಗೆ ನೌಕರರ ಪರಿಹಾರದ ಪಾಲಿಸಿ ಬೇಕೇ ಬೇಕು. ಅದನ್ನು ಮಾತ್ರ ಅವರು ಅಂದೇ ದೂರವಾಣಿ ಮಾಡಿ ಏಜೆಂಟರಿಗೆ ಹೇಳಿದರು.